ಟಿ.ವಿ. ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿಯಿರಿ

ಪ್ರಶ್ನೆ: ಹೊಸ ಮನೆ ಕಟ್ಟಿಸಿ ಈಚೆಗೆ ಗೃಹಪ್ರವೇಶ ಮಾಡಿದೆವು. ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಹಳೆಯ 32 ಇಂಚಿನ ಟಿ.ವಿ. ಈಗ ದೊಡ್ಡ ಗೋಡೆಯ ಮೇಲೆ ಅಂಚೆಚೀಟಿಯಂತೆ ಕಾಣುತ್ತಿದೆ. ನಮ್ಮ ಮನೆಯವರು 43 ಇಂಚು ಧಾರಾಳ ಸಾಕು ಎನ್ನುತ್ತಾರೆ, ಮಗ 65ಕ್ಕೆ ಪಟ್ಟು ಹಿಡಿದಿದ್ದಾನೆ. ಶಿವಮೊಗ್ಗದ ಅಂಗಡಿಗೆ ಹೋದರೆ ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ, 4ಕೆ, ಎಚ್‌ಡಿಆರ್ ಎಂದು ಒಂದೇ ಉಸಿರಿಗೆ ಹೇಳಿ ಕಳಿಸಿದರು. ಮಾವನವರಿಗೆ ಬೆಳಗಿನಿಂದ ನ್ಯೂಸ್ ಬೇಕು, ಅತ್ತೆಗೆ ಸಂಜೆ ಧಾರಾವಾಹಿ, ಮಗನಿಗೆ ಕ್ರಿಕೆಟ್, ನನಗೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಿನಿಮಾ. ನಲವತ್ತೈದು ಸಾವಿರದ ಒಳಗೆ ಯಾವುದು ತೆಗೆದುಕೊಳ್ಳಲಿ? ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ ಎಂದು ಅತ್ತೆ ಹೇಳುತ್ತಲೇ ಇದ್ದಾರೆ, ಅದು ನಿಜವೇ?
– ಓದುಗರೊಬ್ಬರು, ಸಾಗರ

ಉತ್ತರ: ಹಾಲ್ ಎಷ್ಟು ದೊಡ್ಡದು ಎಂದು ಬರೆದಿದ್ದೀರಿ. ಆದರೆ ಟಿ.ವಿ. ಆರಿಸಲು ಬೇಕಾದ ಅಳತೆ ಅದಲ್ಲ. ಕೂತವರ ಕಣ್ಣಿಗೂ ಪರದೆಗೂ ನಡುವೆ ಎಷ್ಟು ದೂರ ಎಂಬುದು ಬೇಕು. 10 ಅಡಿ ಅಗಲದ ಕೋಣೆಯಲ್ಲಿ ಒಂದು ಗೋಡೆಗೆ ಸೋಫಾ, ಎದುರು ಗೋಡೆಗೆ ಟಿ.ವಿ. ಎಂದಿಟ್ಟುಕೊಳ್ಳಿ. ಸೋಫಾದ ಬೆನ್ನು, ಅದರ ಮೇಲಿನ ದಿಂಬು ಸೇರಿ ಕೂತವರ ತಲೆ ಗೋಡೆಯಿಂದ ಒಂದೂವರೆ ಅಡಿ ಮುಂದೆ ಬಂದಿರುತ್ತದೆ. ಆ ಕಡೆ ಟಿ.ವಿ.ಯೂ ಗೋಡೆಯಿಂದ ನಾಲ್ಕು ಬೆರಳಾದರೂ ಈಚೆಗೆ ಇರುತ್ತದೆ. ಕೊನೆಗೆ ಉಳಿಯುವುದು ಎಂಟು ಅಡಿ, ಅಂದರೆ ಸುಮಾರು 245 ಸೆಂ.ಮೀ. ಟಿ.ವಿ.ಯನ್ನು ಉದ್ದದ ಕೊನೆಗೆ ಹಾಕಿದರೆ ಇದೇ ದೂರ ಹನ್ನೆರಡು ಅಡಿ ಆಗುತ್ತದೆ, ಲೆಕ್ಕವೇ ಬೇರೆಯಾಗುತ್ತದೆ. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಸೋಫಾ ಉದ್ದದ ಗೋಡೆಗೇ ಬೀಳುವುದರಿಂದ ಎಂಟು ಅಡಿ ಎಂದೇ ಹಿಡಿದು ಮುಂದೆ ಹೋಗುತ್ತೇನೆ. ನೀವು ಮಾತ್ರ ಒಮ್ಮೆ ಟೇಪು ಹಿಡಿದು ನೋಡಿ.

ಇಂಚು ಎಂದರೆ ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎಳೆದ ಗೆರೆಯ ಉದ್ದ ಅದು. 55 ಇಂಚಿನ ಟಿ.ವಿ.ಯ ಪೆಟ್ಟಿಗೆಯ ಮೇಲೆ 139 ಅಥವಾ 140 ಸೆಂ.ಮೀ. ಎಂದು ಬರೆದಿರುತ್ತದೆ. ಗೋಡೆಯ ಮೇಲೆ ಅದು ಹಿಡಿಯುವ ಜಾಗ ಸುಮಾರು 122 ಸೆಂ.ಮೀ. ಅಗಲ, 69 ಸೆಂ.ಮೀ. ಎತ್ತರ. 43 ಇಂಚಿನದ್ದು 95 ಸೆಂ.ಮೀ. ಅಗಲವಿದ್ದರೆ 65 ಇಂಚಿನದ್ದು 144 ಸೆಂ.ಮೀ. ಹಳೆಯ ನ್ಯೂಸ್‌ಪೇಪರ್ ಹಾಳೆಗಳನ್ನು ಅಂಟಿಸಿ ಈ ಮೂರೂ ಅಳತೆಯಲ್ಲಿ ಕತ್ತರಿಸಿ, ಒಂದಾದ ಮೇಲೊಂದು ಗೋಡೆಗೆ ಹಚ್ಚಿ, ಸೋಫಾದ ಮೇಲೆ ಕೂತು ನೋಡಿ. ಮನೆಯವರ ಮತ್ತು ಮಗನ ಜಗಳ ಅರ್ಧ ಅಲ್ಲೇ ತೀರುತ್ತದೆ. ಅಂಗಡಿಯಲ್ಲಿ ನಿಂತು ಗಾತ್ರ ತೀರ್ಮಾನಿಸುವುದು ಆಗದ ಮಾತು. ಎತ್ತರದ ಮಾಡಿನ ಕೆಳಗೆ 85 ಇಂಚಿನ ಪಕ್ಕ ಇಟ್ಟ 55 ಇಂಚು ಸಣ್ಣದಾಗಿಯೇ ಕಾಣುತ್ತದೆ.

ಚಲನಚಿತ್ರ ಮತ್ತು ಟಿ.ವಿ. ಎಂಜಿನಿಯರುಗಳ ಸಂಘವಾದ ಎಸ್‌ಎಂಪಿಟಿಇ ಹೇಳುವ ಪ್ರಕಾರ ಪರದೆಯ ಅಗಲ ನೋಡುವವರ ಕಣ್ಣಿಗೆ 30 ಡಿಗ್ರಿಯಷ್ಟು ಕೋನ ತುಂಬಿದರೆ ನೋಟ ಹಿತ. ಸಿನಿಮಾ ಹಾಲ್‌ಗಳ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್‌ನವರು 40 ಡಿಗ್ರಿಯವರೆಗೆ ಹೋಗುತ್ತಾರೆ. ಕೋನ ಗೀನ ಮರೆತು ಮನೆಯಲ್ಲಿ ಮಾಡಬಹುದಾದ ಲೆಕ್ಕ ಇಷ್ಟೇ: ದೂರವನ್ನು 1.6ರಿಂದ ಭಾಗಿಸಿ. 245ನ್ನು ಭಾಗಿಸಿದರೆ 153 ಸೆಂ.ಮೀ., ಅಂದರೆ 60 ಇಂಚು. ಎಂಟು ಅಡಿಯಿಂದ ನಿಮ್ಮ ಹಳೆಯ 32 ಇಂಚು ಕಣ್ಣಿಗೆ ತುಂಬುತ್ತಿದ್ದದ್ದು 16–17 ಡಿಗ್ರಿ ಮಾತ್ರ. 43 ಇಂಚಾದರೆ 22, 55 ಇಂಚಾದರೆ 28. ಹಾಗಾಗಿ 43 ತೆಗೆದುಕೊಂಡರೆ ಆರು ತಿಂಗಳಿಗೆ ಅದೂ ಸಣ್ಣದೆನಿಸುತ್ತದೆ ಎಂಬ ಮಗನ ವಾದದಲ್ಲಿ ಹುರುಳಿದೆ. ಆದರೆ 65 ಬೇಕೇಬೇಕು ಎನ್ನುವುದರಲ್ಲಿ ಅಷ್ಟಿಲ್ಲ.

ಅತ್ತೆಯವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಕಲರ್ ಟಿ.ವಿ.ಗಳಿಂದ ಮಿತಿಗಿಂತ ಹೆಚ್ಚು ಎಕ್ಸ್-ಕಿರಣ ಸೋರುತ್ತಿದ್ದುದು ಪತ್ತೆಯಾಗಿ ಸೆಟ್‌ಗಳನ್ನು ವಾಪಸು ಪಡೆಯಬೇಕಾಯಿತು. ಮಕ್ಕಳನ್ನು ದೂರ ಕೂರಿಸಿ ಎಂಬ ಬುದ್ಧಿಮಾತು ಜಗತ್ತಿನಾದ್ಯಂತ ಹಬ್ಬುವುದಕ್ಕೆ ಅದೂ ಒಂದು ಕಾರಣ. ಅದು ಗಾಜಿನ ಪಿಕ್ಚರ್ ಟ್ಯೂಬಿನ ಕಾಲ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾದಾಗ ನಮ್ಮ ಮನೆಗಳಿಗೆ ಬಂದದ್ದೂ ಅಂಥದೇ ಪೆಟ್ಟಿಗೆ. ಅದರ ಚಿತ್ರದಲ್ಲಿ ಇದ್ದದ್ದು 576 ಗೆರೆ. ಹತ್ತಿರ ಕೂತರೆ ಗೆರೆಗಳೇ ಕಾಣುತ್ತಿದ್ದವು, ಚಿತ್ರ ನಡುಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಈಗಿನ ಚಪ್ಪಟೆ ಟಿ.ವಿ.ಯಲ್ಲಿ ಆ ಟ್ಯೂಬೂ ಇಲ್ಲ, ಆ ಕಿರಣವೂ ಇಲ್ಲ. ಎವೆ ಮುಚ್ಚದೆ ಗಂಟೆಗಟ್ಟಲೆ ನೋಡಿದರೆ ಕಣ್ಣು ಒಣಗಿ ದಣಿಯುವುದು ನಿಜ, ಅದು ಹನ್ನೆರಡು ಅಡಿ ದೂರದಲ್ಲಿ ಕೂತರೂ ತಪ್ಪದು. ಎಂಟು ಅಡಿಗೆ 55 ಇಂಚು ಕಣ್ಣಿಗೆ ಹೊರೆಯಲ್ಲ ಎಂದು ಅತ್ತೆಗೆ ಧೈರ್ಯವಾಗಿ ಹೇಳಿ.

55 ಎಂಬ ಅಂಕೆಗೆ ಇನ್ನೊಂದು ಅನುಕೂಲವಿದೆ. ಟಿ.ವಿ.ಯ ಪರದೆಗಳನ್ನು ಒಂದೊಂದಾಗಿ ಮಾಡುವುದಿಲ್ಲ, ದೊಡ್ಡದೊಂದು ಗಾಜಿನ ಹಾಳೆಯ ಮೇಲೆ ಒಟ್ಟಿಗೆ ಮಾಡಿ ಆಮೇಲೆ ಕತ್ತರಿಸುತ್ತಾರೆ. ಪರದೆ ಕಾರ್ಖಾನೆಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಹಾಳೆಯ ಅಳತೆ ಸುಮಾರು 2.2 ಮೀಟರ್‌ಗೆ 2.5 ಮೀಟರ್. ಅದರಲ್ಲಿ 55 ಇಂಚಿನ ಆರು ತುಂಡು ಹೆಚ್ಚು ವ್ಯರ್ಥವಾಗದೆ ಬರುತ್ತವೆ. ಈಚಿನ ಇನ್ನೂ ದೊಡ್ಡ ಹಾಳೆಯಲ್ಲಿ 65 ಇಂಚಿನವು ಎಂಟು ಅಥವಾ 75 ಇಂಚಿನವು ಆರು ಸಿಗುತ್ತವೆ. ಕೆಲವು ಗಾತ್ರಗಳು ಅಗ್ಗವಾಗಿ, ಪಕ್ಕದ ಗಾತ್ರ ವಿಚಿತ್ರವಾಗಿ ದುಬಾರಿಯಾಗಿ ಕಾಣುವುದಕ್ಕೆ ಈ ಕತ್ತರಿಯ ಲೆಕ್ಕವೂ ಒಂದು ಕಾರಣ. ತೆರಿಗೆಯ ಲೆಕ್ಕವೂ ಬದಲಾಗಿದೆ. ಮೊದಲು 32 ಇಂಚಿನವರೆಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಗಾತ್ರಕ್ಕೂ ಶೇ 18. ತೆರಿಗೆ ಬಿಟ್ಟು ಮೂವತ್ತು ಸಾವಿರದ ಟಿ.ವಿ.ಗೆ ಮೊದಲು 38,400 ಕೊಡಬೇಕಿತ್ತು, ಈಗ 35,400.

ಇನ್ನು 4ಕೆ. ಅಂಗಡಿಯವರು ಅತಿ ಹೆಚ್ಚು ಒತ್ತಿ ಹೇಳುವ ಈ ಮಾತು ನಿಮ್ಮ ಸೋಫಾದ ಮಟ್ಟಿಗೆ ಅಷ್ಟೇನೂ ಮುಖ್ಯವಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕಿಗಳಿದ್ದರೆ 4ಕೆಯಲ್ಲಿ 83 ಲಕ್ಷ. ಕೇಳಲು ದೊಡ್ಡದೇ. ಆದರೆ ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಈ ಲೆಕ್ಕ ಹಾಕಿದರೆ 43 ಇಂಚಿನ ಫುಲ್ ಎಚ್‌ಡಿ ಟಿ.ವಿ.ಯ ಚುಕ್ಕಿಗಳು ಐದೂವರೆ ಅಡಿ ದಾಟಿದ ಮೇಲೆ ಬೇರೆ ಬೇರೆಯಾಗಿ ಕಾಣವು. 55 ಇಂಚಿನದಕ್ಕೆ ಆ ಗಡಿ ಏಳು ಅಡಿ. ನೀವು ಕೂರುವುದು ಎಂಟರಲ್ಲಿ. 4ಕೆ ಬೇಡವೆನ್ನುತ್ತಿಲ್ಲ. ಈಗ 55 ಇಂಚಿನಲ್ಲಿ 4ಕೆ ಅಲ್ಲದ್ದು ಹುಡುಕಿದರೂ ಸಿಗುವುದು ಕಷ್ಟ, ತಾನಾಗಿ ಬರುತ್ತದೆ. ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ, 8ಕೆ ಎಂಬ ಮಾತು ಬಂದರೆ ಎದ್ದು ಬನ್ನಿ.

ಚಿತ್ರ ಚೆನ್ನಾಗಿ ಕಾಣದೆ ಇರುವುದಕ್ಕೆ ಬಹಳ ಮನೆಗಳಲ್ಲಿ ಕಾರಣ ಟಿ.ವಿ.ಯೇ ಅಲ್ಲ, ಅದಕ್ಕೆ ಬರುವ ಸಿಗ್ನಲ್. ಮಾಮೂಲು ಎಸ್‌ಡಿ ಚಾನೆಲ್‌ನಲ್ಲಿ ಇಂದಿಗೂ ಇರುವುದು ಅದೇ 576 ಗೆರೆ, ಒಟ್ಟು ನಾಲ್ಕು ಲಕ್ಷ ಚುಕ್ಕಿ. 4ಕೆ ಟಿ.ವಿ. ಅದರ ಒಂದು ಚುಕ್ಕಿಯಿಂದ ಇಪ್ಪತ್ತು ಚುಕ್ಕಿ ಊಹಿಸಿ ತುಂಬಬೇಕು. 32 ಇಂಚಿನಲ್ಲಿ ಮುಚ್ಚಿಹೋಗುತ್ತಿದ್ದ ಮಬ್ಬು 55ರಲ್ಲಿ ಎದ್ದು ಕಾಣುತ್ತದೆ. ಹೊಸ ಟಿ.ವಿ. ತಂದ ಮರುದಿನವೇ 'ಹಳೆಯದೇ ಚೆನ್ನಾಗಿತ್ತು' ಎಂದು ಅತ್ತೆ ಹೇಳಿದರೆ ಅವರು ಹೇಳುವುದು ನಿಜವೇ ಆಗಿರುತ್ತದೆ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ ಇವಕ್ಕೆಲ್ಲ ಎಚ್‌ಡಿ ಚಾನೆಲ್ ಇದೆ. ಟಿ.ವಿ.ಗೆ ಅಷ್ಟು ಖರ್ಚು ಮಾಡುವವರು ಡಿಶ್‌ನವರಿಗೋ ಕೇಬಲ್‌ನವರಿಗೋ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿಕೊಳ್ಳಿ, ಅತ್ತೆ ನೋಡುವ ನಾಲ್ಕೈದು ಚಾನೆಲ್‌ಗಳನ್ನಾದರೂ ಎಚ್‌ಡಿಗೆ ಬದಲಿಸಿ. ಬಾಕ್ಸಿನಿಂದ ಟಿ.ವಿ.ಗೆ ಹಳೆಯ ಕೆಂಪು-ಬಿಳಿ-ಹಳದಿ ವೈರು ಸಿಕ್ಕಿಸಬೇಡಿ, ಎಚ್‌ಡಿಎಂಐ ಕೇಬಲ್ ಹಾಕಿ. ಆ ಮೂರು ಬಣ್ಣದ ವೈರಿನಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ನೀವು ರಾತ್ರಿ ನೋಡುವ ಸಿನಿಮಾ 4ಕೆಯಲ್ಲಿ ಬೇಕೆಂದರೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ ವೇಗ. ಮನೆಗೆ ಫೈಬರ್ ಬಂದಿದ್ದರೆ ತೊಂದರೆಯಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡರೆ ಮಳೆಗಾಲದಲ್ಲಿ ಕಷ್ಟ.

ಪರದೆಯ ಜಾತಿಗೆ ಬರೋಣ, ಅಂಗಡಿಯಲ್ಲಿ ನಿಮ್ಮನ್ನು ಗೊಂದಲಕ್ಕೆ ಕೆಡವಿದ್ದು ಅದೇ. ಎಲ್‌ಇಡಿ ಟಿ.ವಿ. ಎಂದು ಮಾರುವುದೆಲ್ಲ ಮೂಲತಃ ಎಲ್‌ಸಿಡಿ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತವೆ, ಮುಂದೆ ದ್ರವ ಹರಳಿನ ಪದರವೊಂದು ಚುಕ್ಕಿ ಚುಕ್ಕಿಗೆ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಕ್ಯೂಎಲ್‌ಇಡಿಯೂ ಇದೇ, ನಡುವೆ ಕ್ವಾಂಟಂ ಡಾಟ್ ಎಂಬ ಪದರವೊಂದು ಹೆಚ್ಚು. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಹರಳುಗಳು ಸಣ್ಣದಾದಷ್ಟೂ ನೀಲಿಯ ಕಡೆಗೆ, ದೊಡ್ಡದಾದಷ್ಟೂ ಕೆಂಪಿನ ಕಡೆಗೆ ಬಣ್ಣ ಸೂಸುತ್ತವೆ. ಬಣ್ಣ ಶುದ್ಧವಾಗುತ್ತದೆ, ಕೆಂಪು ನಿಜವಾದ ಕೆಂಪಾಗುತ್ತದೆ. ಇದನ್ನು ಕಂಡುಹಿಡಿದು ಬೆಳೆಸಿದ ಮೌಂಗಿ ಬಾವೆಂಡಿ, ಲೂಯಿ ಬ್ರೂಸ್, ಅಲೆಕ್ಸಿ ಎಕಿಮೊವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹಿಂದಿನ ದೀಪದ ಮೂಲವಾದ ನೀಲಿ ಎಲ್‌ಇಡಿಗೆ 2014ರಲ್ಲೇ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಎರಡು ನೊಬೆಲ್ ಹೊತ್ತ ಸರಕನ್ನು ಕೊಂಡುಕೊಂಡು ಅದರಲ್ಲಿ ಅತ್ತೆ-ಸೊಸೆ ಜಗಳ ನೋಡುವವರು ನಾವು!

ಓಎಲ್‌ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆರಿದರೆ ಅಲ್ಲಿ ಅಪ್ಪಟ ಕಪ್ಪು. ದೀಪ ಆರಿಸಿ ಸಿನಿಮಾ ನೋಡುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬೆಲೆ ನಿಮ್ಮ ಬಜೆಟ್ಟಿನ ಎರಡು ಪಟ್ಟು ದಾಟುತ್ತದೆ. ದುಡ್ಡಿದ್ದರೂ ನಿಮ್ಮ ಮನೆಗೆ ನಾನು ಅದನ್ನು ಹೇಳುತ್ತಿರಲಿಲ್ಲ, ಕಾರಣ ಮಾವನವರ ನ್ಯೂಸ್. ನಮ್ಮ ನ್ಯೂಸ್ ಚಾನೆಲ್‌ಗಳ ಕೆಂಪು ಪಟ್ಟಿ, ಮೂಲೆಯ ಲೋಗೊ, 'ಬ್ರೇಕಿಂಗ್' ಎಂಬ ಅಕ್ಷರಗಳು ದಿನವಿಡೀ ಒಂದೇ ಜಾಗದಲ್ಲಿ ಕೂತಿರುತ್ತವೆ. ಓಎಲ್‌ಇಡಿಯಲ್ಲಿ ಹೆಚ್ಚು ಉರಿದ ಚುಕ್ಕಿ ಬೇಗ ಸವೆಯುತ್ತದೆ. ವರ್ಷಗಟ್ಟಲೆ ದಿನಕ್ಕೆ ಎಂಟು ಗಂಟೆ ಅದೇ ಪಟ್ಟಿ ಇದ್ದರೆ ಅದರ ನೆರಳು ಪರದೆಯ ಮೇಲೆ ಕಾಯಂ ಉಳಿಯಬಹುದು. ಎಲ್‌ಸಿಡಿ ಜಾತಿಯವಕ್ಕೆ ಈ ಚಿಂತೆ ಇಲ್ಲ.

ಎಲ್‌ಸಿಡಿಯಲ್ಲೂ ಎರಡು ಒಳಪಂಗಡ ಇವೆ, ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಐಪಿಎಸ್ ಪ್ಯಾನೆಲ್‌ನಲ್ಲಿ ಪಕ್ಕದಿಂದಲೂ ಬಣ್ಣ ನಿಲ್ಲುತ್ತದೆ, ಆದರೆ ಕತ್ತಲೆ ದೃಶ್ಯದಲ್ಲಿ ಕಪ್ಪು ಬೂದಿಯಾಗುತ್ತದೆ. ಕಪ್ಪು-ಬಿಳುಪಿನ ಅಂತರ ವಿಎಯಲ್ಲಿ ಸುಲಭವಾಗಿ 3000ಕ್ಕೆ 1 ದಾಟಿದರೆ ಐಪಿಎಸ್‌ನಲ್ಲಿ 1000ಕ್ಕೆ 1ರ ಆಸುಪಾಸು. ನಿಮ್ಮಲ್ಲಿ ಎಲ್ಲರೂ ಸೋಫಾದಲ್ಲೇ, ಪರದೆಗೆ ಎದುರಾಗಿ ಕೂರುವುದಾದರೆ ವಿಎ ಒಳ್ಳೆಯದು. ಮಾವನವರ ದಿವಾನ ಪಕ್ಕದ ಗೋಡೆಗಿದ್ದು ಅವರು ಓರೆಯಲ್ಲಿ ಮಲಗಿಕೊಂಡು ನೋಡುವವರಾದರೆ ಐಪಿಎಸ್ ಅಥವಾ ಅಂಥದನ್ನು ಕೇಳಿ. ಪೆಟ್ಟಿಗೆಯ ಮೇಲೆ ಇದು ಬರೆದಿರುವುದು ಅಪರೂಪ, ಅಂಗಡಿಯಲ್ಲಿ ನೀವೇ ಪರೀಕ್ಷಿಸಬೇಕು. ಎದುರಿನಿಂದ ನಿಧಾನವಾಗಿ ಪಕ್ಕಕ್ಕೆ ನಡೆಯುತ್ತಾ ಹೋಗಿ, ತೆರೆಯ ಮೇಲಿನ ಮುಖದ ಬಣ್ಣ ಯಾವಾಗ ಬಿಳಿಚಿಕೊಳ್ಳುತ್ತದೆ ನೋಡಿ.

ಅಂಗಡಿಯ ಟಿ.ವಿ.ಗಳಲ್ಲಿ ಓಡುತ್ತಿರುವುದು ಗಿಳಿ, ಹಣ್ಣು, ಹವಳದ ದಿಬ್ಬ. ಅಂಥ ವಿಡಿಯೊದಲ್ಲಿ ಯಾವ ಟಿ.ವಿ.ಯೂ ಕೆಟ್ಟದಾಗಿ ಕಾಣುವುದಿಲ್ಲ. ಅದರ ಮೇಲೆ ಟ್ಯೂಬ್‌ಲೈಟುಗಳ ಬೆಳಕಿಗೆ ಸರಿಹೊಂದಲೆಂದು ಎಲ್ಲವನ್ನೂ 'ವಿವಿಡ್' ಎಂಬ ಕಣ್ಣು ಕುಕ್ಕುವ ಸೆಟ್ಟಿಂಗಿನಲ್ಲಿ ಇಟ್ಟಿರುತ್ತಾರೆ. ಮಗನಿಗೆ ಹೇಳಿ ಒಂದು ಪೆನ್‌ಡ್ರೈವ್‌ನಲ್ಲಿ ರಾತ್ರಿಯ ದೃಶ್ಯವಿರುವ ಸಿನಿಮಾದ ತುಣುಕು, ಒಂದು ಧಾರಾವಾಹಿಯ ತುಣುಕು ಹಾಕಿಸಿಕೊಂಡು ಹೋಗಿ. 'ಸ್ಟ್ಯಾಂಡರ್ಡ್' ಅಥವಾ 'ಸಿನಿಮಾ' ಮೋಡ್‌ಗೆ ಬದಲಿಸಿ ತೋರಿಸಿ ಎನ್ನಿ. ಕತ್ತಲ ದೃಶ್ಯದಲ್ಲಿ ಮೂಲೆಗಳಿಂದ ಬೆಳಕು ಸೋರುತ್ತದೆಯೇ, ಕಪ್ಪು ಸೀರೆಯ ಮಡಿಕೆಗಳು ಕಾಣುತ್ತವೆಯೇ, ಮನುಷ್ಯರ ಮೈಬಣ್ಣ ಮನುಷ್ಯರದ್ದೇ ಆಗಿದೆಯೇ ಎಂದು ನೋಡಿ. ಸೇಲ್ಸ್ ಹುಡುಗ ಬೇಸರ ಮಾಡಿಕೊಂಡರೆ ಪರವಾಗಿಲ್ಲ, ಟಿ.ವಿ. ನೋಡುತ್ತಾ ಏಳೆಂಟು ವರ್ಷ ಕೂರಬೇಕಾದವರು ನೀವು.

ಎಚ್‌ಡಿಆರ್, ಡಾಲ್ಬಿ ವಿಷನ್ ಎಂಬ ಚೀಟಿಗಳನ್ನು ನಂಬುವ ಮೊದಲು ಬೆಳಕಿನ ಅಳತೆಯಾದ 'ನಿಟ್ಸ್' ಎಷ್ಟು ಎಂದು ಕೇಳಿ. ಸೂರ್ಯನ ಹೊಳಪು, ದೀಪದ ಮಿಂಚು ನಿಜವೆನಿಸುವಂತೆ ತೋರಿಸುವುದೇ ಎಚ್‌ಡಿಆರ್‌ನ ಉದ್ದೇಶ. ಅದಕ್ಕೆ ಆರುನೂರು ನಿಟ್ಸ್‌ಗಿಂತ ಮೇಲಿನ ಬೆಳಕು ಬೇಕು. ಅಗ್ಗದ ಟಿ.ವಿ.ಗಳಲ್ಲಿ ಇರುವುದು 250–300. ಅವುಗಳ ಮೇಲೆ 'ಎಚ್‌ಡಿಆರ್' ಎಂದು ಬರೆದದ್ದು ಸುಳ್ಳಲ್ಲ, ಆ ಸಿಗ್ನಲ್ ಬಂದರೆ ಅದು ತೆಗೆದುಕೊಳ್ಳುತ್ತದೆ, ತೋರಿಸಲು ಮಾತ್ರ ತ್ರಾಣವಿಲ್ಲ. ನಿಮ್ಮ ಬೆಲೆಯಲ್ಲಿ ನಿಜವಾದ ಎಚ್‌ಡಿಆರ್ ನಿರೀಕ್ಷಿಸಬೇಡಿ. ಹಿಂದಿನ ದೀಪಗಳನ್ನು ಸಣ್ಣ ಸಣ್ಣದಾಗಿ ಮಾಡಿ, ಕತ್ತಲಿರುವ ಕಡೆ ಆರಿಸಿ, ಬೆಳಕಿರುವ ಕಡೆ ಹೆಚ್ಚಿಸುವ ಮಿನಿ ಎಲ್‌ಇಡಿ ಟಿ.ವಿ.ಗಳ ಬೆಲೆ ಇಳಿಯುತ್ತಿದೆ. ಹಬ್ಬದ ರಿಯಾಯಿತಿಯಲ್ಲಿ ಅಂಥದೊಂದು ನಿಮ್ಮ ಬಜೆಟ್ಟಿಗೆ ಬಂದರೆ ಮಾತ್ರ ನನ್ನ ಸಲಹೆ ಬದಲಿಸಿಕೊಳ್ಳಬಹುದು.

ಕಿಟಕಿ ಯಾವ ಕಡೆ ಇದೆ ಎಂದು ನೀವು ಬರೆದಿಲ್ಲ. ಟಿ.ವಿ.ಗೆ ನೇರ ಎದುರಾಗಿ ಪಡುವಣ ಕಿಟಕಿ ಇದ್ದರೆ ಸಂಜೆ ಪರದೆಯ ತುಂಬ ಅದೇ ಕಾಣುತ್ತದೆ. ಯಾವ ತಂತ್ರಜ್ಞಾನಕ್ಕಿಂತಲೂ ಆಗ ದಪ್ಪ ಪರದೆಬಟ್ಟೆಯೇ ಅಗ್ಗದ ಪರಿಹಾರ. ಸಾಧ್ಯವಿದ್ದರೆ ಕಿಟಕಿ ಪಕ್ಕಕ್ಕೆ ಬರುವಂತೆ ಟಿ.ವಿ. ಗೋಡೆ ಆರಿಸಿ. ಮಳೆಗಾಲದಲ್ಲಿ ತೇವ ಹತ್ತುವ ಗೋಡೆಯಂತೂ ಬೇಡವೇ ಬೇಡ. ಹೊಸ ಮನೆಯಾದ್ದರಿಂದ ಯಾವ ಗೋಡೆಗೆ ಇರಿಚಲು ಹೊಡೆಯುತ್ತದೆ ಎಂದು ಒಂದು ಮಳೆಗಾಲ ಕಳೆದರೆ ತಾನೇ ತಿಳಿಯುತ್ತದೆ. ಜಂಬಿಟ್ಟಿಗೆಯ ಗೋಡೆಯಾಗಿದ್ದರೆ ಫಿಟ್ಟಿಂಗ್‌ಗೆ ಬರುವವರಿಗೆ ಮೊದಲೇ ಹೇಳಿ, ಗಾರೆಯಲ್ಲೇ ನಿಂತುಬಿಡುವ ಸಣ್ಣ ಸ್ಕ್ರೂ ಸಾಲದು, ಕಲ್ಲಿನೊಳಗೆ ಇಳಿಯುವ ಉದ್ದದ್ದು ಬೇಕು.

ಎತ್ತರದ ವಿಷಯದಲ್ಲಿ ಫಿಟ್ಟಿಂಗ್‌ನವರ ಮಾತು ಕೇಳಲೇಬೇಡಿ. ಅವರು ದೇವರ ಪಟ ಹಾಕುವ ಎತ್ತರಕ್ಕೆ ಮೊಳೆ ಹೊಡೆದು ಹೋಗುತ್ತಾರೆ, ಆಮೇಲೆ ಕತ್ತು ನೋಯುವುದು ನಿಮಗೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿರುತ್ತದೆ. ಪರದೆಯ ನಡುಭಾಗ ಅದೇ ಮಟ್ಟಕ್ಕೆ ಬರಬೇಕು. 55 ಇಂಚಿನದ್ದಾದರೆ ಅದರ ಕೆಳ ಅಂಚು ನೆಲದಿಂದ ಎರಡೂಕಾಲು, ಎರಡೂವರೆ ಅಡಿಯಲ್ಲಿ ನಿಲ್ಲುತ್ತದೆ. ಇದು ಬಹಳ ಕೆಳಗಾಯಿತು ಎಂದು ನೋಡಿದವರೆಲ್ಲ ಹೇಳುತ್ತಾರೆ, ಹೇಳಲಿ.

ಮಗನ ಕ್ರಿಕೆಟ್ಟಿಗೆ 120 ಹರ್ಟ್ಸ್ ಪರದೆ ಇದ್ದರೆ ಚೆಂಡಿನ ಹಿಂದಿನ ಮಬ್ಬು ಕಡಿಮೆಯಾಗುತ್ತದೆ, ಆದರೆ ನಿಮ್ಮ ಬೆಲೆಯಲ್ಲಿ ಬಹುಪಾಲು ಸಿಗುವುದು 60. 'ಮೋಷನ್ ರೇಟ್ 200' ಎಂಬಂಥ ಅಂಕೆಗಳು ಕಂಪನಿಯವರು ತಾವೇ ಕಟ್ಟಿಕೊಂಡದ್ದು. ಇದಕ್ಕೆ ಸೇರಿದ ಇನ್ನೊಂದು ಕಿರಿಕಿರಿ ಇದೆ. ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ಸಿನಿಮಾಕ್ಕೆ ಟಿ.ವಿ. ತಾನೇ ನಡುನಡುವೆ ಚಿತ್ರ ಹುಟ್ಟಿಸಿ ಸೇರಿಸುತ್ತದೆ. ಆಗ ದೊಡ್ಡ ಸಿನಿಮಾ ಕೂಡ ಸ್ಟುಡಿಯೊದಲ್ಲಿ ತೆಗೆದ ಧಾರಾವಾಹಿಯಾಗಿ ಕಾಣುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದು ಇದಕ್ಕೆ ಹೆಸರು. ಕ್ರಿಕೆಟ್ ನೋಡುವಾಗ ಇರಲಿ, ನಿಮ್ಮ ರಾತ್ರಿ ಸಿನಿಮಾದ ಹೊತ್ತಿಗೆ ಆರಿಸಿ. ಕೆಲವು ಟಿ.ವಿ.ಗಳಲ್ಲಿ 'ಫಿಲ್ಮ್‌ಮೇಕರ್ ಮೋಡ್' ಎಂಬುದಿದೆ, ಒಂದೇ ಗುಂಡಿಗೆ ಈ ಸೇರಿಕೆಗಳೆಲ್ಲ ನಿಲ್ಲುತ್ತವೆ.

ಟಿ.ವಿ. ತೆಳ್ಳಗಾದ ಹಾಗೆ ಮೊದಲು ಸತ್ತದ್ದು ದನಿ. ಸ್ಪೀಕರಿಗೆ ಮುಂದೆ ಜಾಗವಿಲ್ಲದೆ ಅದನ್ನು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿ ಇಟ್ಟಿರುತ್ತಾರೆ. ವಯಸ್ಸಾದವರಿಗೆ ಮಾತು ಬಿಡಿಬಿಡಿಯಾಗಿ ಕೇಳುವುದಿಲ್ಲ, ವಾಲ್ಯೂಮ್ ಏರಿಸುತ್ತಾರೆ, ಹಿನ್ನೆಲೆ ಸಂಗೀತವೂ ಅದರ ಜೊತೆ ಏರುತ್ತದೆ, ಮನೆಯಲ್ಲಿ ಸಣ್ಣ ಗದ್ದಲ ಆಗುತ್ತದೆ. ನಲವತ್ತೈದು ಸಾವಿರ ಪೂರ್ತಿ ಟಿ.ವಿ.ಗೇ ಸುರಿಯುವ ಬದಲು ಐದಾರು ಸಾವಿರ ತೆಗೆದಿಟ್ಟು ಸಾಧಾರಣ ಸೌಂಡ್‌ಬಾರ್ ಒಂದನ್ನು ತನ್ನಿ. ಟಿ.ವಿ.ಯ ಹಿಂದೆ ಎಚ್‌ಡಿಎಂಐ ರಂಧ್ರವೊಂದರ ಪಕ್ಕ 'ಎಆರ್‌ಸಿ' ಎಂದು ಬರೆದಿರುತ್ತದೆ, ಸೌಂಡ್‌ಬಾರ್ ವೈರು ಅಲ್ಲಿಗೇ ಹೋಗಬೇಕು. ಆಗ ಒಂದೇ ರಿಮೋಟಿನಲ್ಲಿ ದನಿ ಏರಿಳಿಯುತ್ತದೆ. ಮನೆಗೆ ಎರಡು ಮೂರು ರಿಮೋಟು ಬಂದರೆ ಅತ್ತೆಯವರು ಸಹಿಸುವುದಿಲ್ಲ.

ಸ್ಮಾರ್ಟ್ ಎಂಬ ಭಾಗಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಗೂಗಲ್ ಟಿ.ವಿ., ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಓಎಸ್, ಅಮೆಜಾನ್‌ನ ಫೈರ್ ಟಿ.ವಿ. ಯಾವುದಾದರೂ ನಡೆಯುತ್ತದೆ, 2 ಜಿಬಿ ರ‍್ಯಾಮ್ ಇದ್ದರೆ ಸಾಕು. ಪ್ಯಾನೆಲ್ ಎಂಟು ವರ್ಷ ಬಾಳಿದರೂ ಅದರೊಳಗಿನ ಕಂಪ್ಯೂಟರ್ ಮೂರು ನಾಲ್ಕು ವರ್ಷಕ್ಕೆ ತೆವಳತೊಡಗುತ್ತದೆ. ಆಗ ನಾಲ್ಕೈದು ಸಾವಿರದ ಸ್ಟಿಕ್ ಒಂದನ್ನು ಹಿಂದೆ ಸಿಕ್ಕಿಸಿದರೆ ಮತ್ತೆ ಹೊಸದೇ. ಒಂದು ಎಚ್ಚರ ಮಾತ್ರ ಇರಲಿ: ಹೆಸರು ಕೇಳದ ಕಂಪನಿಯ ಅತಿ ಅಗ್ಗದ 'ಆಂಡ್ರಾಯ್ಡ್' ಟಿ.ವಿ.ಗಳಲ್ಲಿ ಗೂಗಲ್‌ನ ಪರವಾನಗಿ ಇರುವುದಿಲ್ಲ, ಅವುಗಳಲ್ಲಿ ನೆಟ್‌ಫ್ಲಿಕ್ಸ್‌ನಂಥವು ಬರುವುದಿಲ್ಲ, ಬಂದರೂ ಮಬ್ಬಾಗಿ ಬರುತ್ತವೆ. ಮೊದಲ ದಿನ ಸೆಟ್ಟಿಂಗ್ ಮಾಡುವಾಗ 'ನೋಡುವ ವಿವರ ಹಂಚಿಕೊಳ್ಳಲು ಒಪ್ಪುತ್ತೀರಾ' ಎಂದು ಕೇಳಿದರೆ ಬೇಡ ಎನ್ನಿ. ನೀವು ಏನು ನೋಡುತ್ತೀರಿ ಎಂಬುದು ಜಾಹೀರಾತಿನವರಿಗೆ ಬೇಕಾದ ಸರಕು.

ಸಾಗರದಂಥ ಊರಿಗೆ ನಾನು ಇವೆಲ್ಲಕ್ಕಿಂತ ಮೇಲೆ ಇಡುವುದು ಸಿಡಿಲು ಮತ್ತು ಸರ್ವಿಸ್. ಈಗಿನ ಟಿ.ವಿ.ಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ, ಹಿಂಭಾಗದಲ್ಲಿ ಬರೆದಿರುತ್ತದೆ ನೋಡಿ, ಹಾಗಾಗಿ ವೋಲ್ಟೇಜ್ ಇಳಿಯುವ ಕಾರಣಕ್ಕೆ ಸ್ಟೆಬಿಲೈಜರ್ ಬೇಕಿಲ್ಲ. ಸಿಡಿಲಿನ ಮುಂದೆ ಮಾತ್ರ ಯಾವುದೂ ನಿಲ್ಲದು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕಿತ್ತಿಡಿ, ಡಿಶ್‌ನಿಂದ ಬರುವ ಕೇಬಲ್ಲನ್ನೂ ಇಂಟರ್‌ನೆಟ್ ವೈರನ್ನೂ ಬಿಚ್ಚಿ. ಕರೆಂಟಿನ ವೈರು ಕಿತ್ತು ಡಿಶ್ ಕೇಬಲ್ ಬಿಟ್ಟವರ ಟಿ.ವಿ.ಗಳು ಆ ದಾರಿಯಲ್ಲೇ ಸುಟ್ಟಿವೆ. ಕರೆಂಟಿನ ಖರ್ಚು ದೊಡ್ಡದಲ್ಲ: 120 ವಾಟ್‌ನ ಟಿ.ವಿ. ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಮಾವನವರ ನ್ಯೂಸ್ ಸೇರಿಸಿ ಹತ್ತು ಗಂಟೆಯಾದರೆ 36. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಸ್ಟಾರ್ ಚೀಟಿಯನ್ನೂ ನೋಡಿ.

ಸರ್ವಿಸ್ ಬಗ್ಗೆ ಅಂಗಡಿಯವರು ಹೇಳುವುದನ್ನು ಪಕ್ಕಕ್ಕಿಟ್ಟು ಕಂಪನಿಯ ಟೋಲ್-ಫ್ರೀ ನಂಬರಿಗೆ ನೀವೇ ಫೋನ್ ಮಾಡಿ, ಪಿನ್‌ಕೋಡ್ ಹೇಳಿ, ಸಾಗರಕ್ಕೆ ಮನೆಗೇ ಬರುತ್ತೀರಾ, ಎಲ್ಲಿಂದ ಬರುತ್ತೀರಿ ಎಂದು ಕೇಳಿ. ಶಿವಮೊಗ್ಗದಿಂದ ಬರುತ್ತಾರೆ ಎಂದರೆ ಒಪ್ಪಬಹುದು, ಬೆಂಗಳೂರಿಗೆ ಕಳಿಸಬೇಕು ಎಂದರೆ ಆ ಟಿ.ವಿ. ಬೇಡ. ಟಿ.ವಿ.ಯಲ್ಲಿ ಅತಿ ದುಬಾರಿ ಭಾಗ ಪ್ಯಾನೆಲ್, ವಾರಂಟಿ ಮುಗಿದ ಮೇಲೆ ಅದು ಹೋದರೆ ಹೊಸ ಟಿ.ವಿ.ಯೇ ಲೇಸು ಎನ್ನುವಷ್ಟು ಖರ್ಚು. ಒಡೆದರೆ ವಾರಂಟಿ ಇದ್ದರೂ ಕೊಡುವುದಿಲ್ಲ. ಆದ್ದರಿಂದ ಪೆಟ್ಟಿಗೆ ಮನೆಗೆ ಬಂದಾಗ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ತಂದವರ ಎದುರಿಗೇ ಆನ್ ಮಾಡಿಸಿ, ಗೆರೆ-ಬಿರುಕು ಇಲ್ಲವೆಂದು ಕಂಡ ಮೇಲೆ ಸಹಿ ಹಾಕಿ. ಬಿಲ್ಲಿನ ಮೇಲೆ ಮಾಡೆಲ್ ನಂಬರ್ ಪೂರ್ತಿ ಇರಲಿ. ತಕರಾರು ಬಂದು ಯಾರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇಷ್ಟೆಲ್ಲ ಲೆಕ್ಕ ಹಾಕಿ ನಿಮ್ಮ ಮನೆಗೆ ನಾನು ಹೇಳುವುದು: 55 ಇಂಚಿನ 4ಕೆ ಎಲ್‌ಇಡಿ, ಹೆಸರಿರುವ ಮತ್ತು ಶಿವಮೊಗ್ಗದಲ್ಲಿ ಸರ್ವಿಸ್ ಇರುವ ಕಂಪನಿಯದ್ದು. ಅದೇ ಬೆಲೆಗೆ ಕ್ಯೂಎಲ್‌ಇಡಿ ಸಿಕ್ಕರೆ ಸಂತೋಷ, ಸಿಗದಿದ್ದರೆ ಕೊರಗು ಬೇಡ. ಎಲ್ಲರೂ ಎದುರಿಗೆ ಕೂರುವುದಾದರೆ ವಿಎ, ದಿವಾನ ಪಕ್ಕದಲ್ಲಿದ್ದರೆ ಐಪಿಎಸ್. ಉಳಿದ ದುಡ್ಡಿಗೆ ಸೌಂಡ್‌ಬಾರ್ ಮತ್ತು ಎಚ್‌ಡಿ ಬಾಕ್ಸ್. ಹಳೆಯ 32 ಇಂಚಿನದನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಸಿಗುವುದು ಅಲ್ಪ. ಅದನ್ನು ಮಾವನವರ ಕೋಣೆಗೆ ಹಾಕಿಸಿ, ಬೆಳಗಿನ ನ್ಯೂಸ್ ಅಲ್ಲಿಗೆ ಹೋಗಲಿ.

ಟಿ.ವಿ. ಬಗ್ಗೆ ಬರೆಯುವ ಉಳಿದ ಓದುಗರು ದಯವಿಟ್ಟು ನಾಲ್ಕು ವಿಷಯ ತಿಳಿಸಿ: ಕೂರುವ ಜಾಗದಿಂದ ಪರದೆಗೆ ಎಷ್ಟು ಅಡಿ, ಕಿಟಕಿ ಯಾವ ಕಡೆ, ಯಾರು ಏನು ನೋಡುತ್ತಾರೆ, ಎಷ್ಟು ದುಡ್ಡು ಹಾಕಬಹುದು. ಕಂಪನಿಯ ಹೆಸರು ಆಮೇಲೆ ನೋಡೋಣ.